ಕಲ್ಯಾಣದಲ್ಲಿ ಆಡಿದ ಮಾತು, ಹೈಕೋರ್ಟಿನಿಂದ ಬಂದ ನೋಟಿಸ್

ಪ್ರಶ್ನೆ: ನಾವು ವಿಜಯಪುರ ಕಡೆಯವರು. ಡೊಂಬಿವಲಿಗೆ ಬಂದು ಇಪ್ಪತ್ತೆರಡು ವರ್ಷಗಳಾದವು. ನನ್ನ ತಮ್ಮ ಇಲ್ಲಿ ಸಣ್ಣ ಖಾನಾವಳಿ ನಡೆಸುತ್ತಾನೆ. ದಿನಸಿ ವ್ಯಾಪಾರಿಯೊಬ್ಬರಿಗೆ ಕೊಟ್ಟ ಚೆಕ್ ಬೌನ್ಸ್ ಆಗಿ, ಅವನ ಮೇಲೆ ಕಲ್ಯಾಣದ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಕೇಸು ನಡೆಯುತ್ತಿದೆ. ನಾಲ್ಕು ತಿಂಗಳ ಹಿಂದೆ ವಕೀಲರು ಬಾರದ ದಿನ ತಮ್ಮ ಇನ್ನೊಂದು ತಾರೀಖು ಕೇಳಿದ. ಮ್ಯಾಜಿಸ್ಟ್ರೇಟರು ಒಪ್ಪಲಿಲ್ಲ. ಅವನು ತಾಳ್ಮೆ ಕಳೆದುಕೊಂಡು ಕೂಗಾಡಿದ. ಸಂಜೆಯವರೆಗೆ ಅಲ್ಲೇ ಕೂರಿಸಿ ಸಾವಿರ ರೂಪಾಯಿ ದಂಡ ಹಾಕಿದರು, ಕಟ್ಟಿ ಬಂದ. ಆದರೆ ಅದೇ ರಾತ್ರಿ ನಮ್ಮ ಹೌಸಿಂಗ್ ಸೊಸೈಟಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ, ಆ ಮ್ಯಾಜಿಸ್ಟ್ರೇಟರು ಎದುರು ಪಾರ್ಟಿಯಿಂದ ಹಣ ಪಡೆದಿದ್ದಾರೆ ಎಂದು ಹೆಸರು ಹಾಕಿ ಬರೆದ. ಈಗ ಬಾಂಬೆ ಹೈಕೋರ್ಟಿನಿಂದ ಕ್ರಿಮಿನಲ್ ನ್ಯಾಯಾಂಗ ನಿಂದನೆಯ ನೋಟಿಸ್ ಬಂದಿದೆ. ಮೂರು ವಾರಕ್ಕೆ ತಾರೀಖು. "ದಂಡ ಕಟ್ಟಿದ್ದೇನೆ, ಮತ್ತೇನು? ಕಲ್ಯಾಣಕ್ಕೇ ಹೋಗಿ ಸಾಹೇಬರ ಕೈಕಾಲು ಹಿಡಿದು ಮುಗಿಸುತ್ತೇನೆ" ಎನ್ನುತ್ತಾನೆ. ನಮ್ಮವರೊಬ್ಬರು "ಮೊದಲ ತಾರೀಖಿಗೆ ಹೋಗಲೇಬೇಡ, ತಾನಾಗಿ ತಣ್ಣಗಾಗುತ್ತದೆ" ಎಂದಿದ್ದಾರೆ. ಅವನಿಗೆ ಜೈಲಾಗುತ್ತದೆಯೇ? ಕೆಳಗಿನ ಕೋರ್ಟಿನಲ್ಲೇ ಇದನ್ನು ಬಗೆಹರಿಸಲು ದಾರಿ ಇಲ್ಲವೇ?

ಉತ್ತರ: ಮೊದಲು ನಿಮ್ಮವರು ಕೊಟ್ಟ ಸಲಹೆಯ ಮಾತು. ತಾರೀಖಿಗೆ ಹೋಗದಿರುವಷ್ಟು ಕೆಟ್ಟ ದಾರಿ ಈ ವಿಷಯದಲ್ಲಿ ಇನ್ನೊಂದಿಲ್ಲ. ದಯವಿಟ್ಟು ಆ ಮಾತನ್ನು ಮನೆಯೊಳಗೆ ಇನ್ನೊಮ್ಮೆ ಆಡಲು ಬಿಡಬೇಡಿ. ಕರೆದರೂ ಹಾಜರಾಗದವರ ಮೇಲೆ ಹೈಕೋರ್ಟ್ ವಾರಂಟ್ ಹೊರಡಿಸಬಹುದು. ನೋಟಿಸಿನಿಂದ ತಪ್ಪಿಸಿಕೊಳ್ಳುತ್ತಿದ್ದಾರೆ ಎಂದು ಕಂಡರೆ ಆಸ್ತಿ ಜಪ್ತಿಗೂ ಕಾನೂನಿನಲ್ಲಿ ಅವಕಾಶವಿದೆ. ಅದಕ್ಕಿಂತ ಮುಖ್ಯವಾಗಿ, ಹಾಜರಾಗದ ಮನುಷ್ಯ ಆಮೇಲೆ ಕೇಳುವ ಕ್ಷಮೆಗೆ ಬೆಲೆಯೇ ಉಳಿಯುವುದಿಲ್ಲ.

ಇನ್ನು ನಿಮ್ಮ ತಮ್ಮನ ಪ್ರಶ್ನೆ. ದಂಡ ಕಟ್ಟಿದ್ದರಿಂದ ಒಂದು ವಿಷಯ ಮುಗಿದಿದೆ ಎಂದು ಅವರು ತಿಳಿದಿರುವುದು ಸರಿ. ಆ ಮಧ್ಯಾಹ್ನದ ಕೂಗಾಟ ಮತ್ತು ಆ ರಾತ್ರಿಯ ಬರಹ ಒಂದೇ ಎಂದು ತಿಳಿದಿರುವುದು ತಪ್ಪು. ಕೋಪ ಒಂದೇ ಇರಬಹುದು, ಆದರೆ ಕಾನೂನಿನ ಕಣ್ಣಿಗೆ ಇವು ಎರಡು ಕೃತ್ಯಗಳು. ಎರಡಕ್ಕೂ ದಾರಿ ಬೇರೆ, ಬಾಗಿಲು ಬೇರೆ.

ಕೂಗಾಟದ ದಾರಿ ಹೀಗೆ. ಕಲಾಪ ನಡೆಸುತ್ತಿರುವ ನ್ಯಾಯಾಧೀಶರನ್ನು ಬೇಕೆಂದೇ ಅವಮಾನಿಸುವುದು, ಕಲಾಪಕ್ಕೆ ಅಡ್ಡಿಪಡಿಸುವುದು ಭಾರತೀಯ ನ್ಯಾಯ ಸಂಹಿತೆಯ 267ನೇ ಸೆಕ್ಷನ್ ಪ್ರಕಾರ ಅಪರಾಧ. 2024ರ ಜುಲೈ 1ಕ್ಕೆ ಮೊದಲು ಇದು ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) 228ನೇ ಸೆಕ್ಷನ್ ಆಗಿತ್ತು. ಹಳೆಯ ವಕೀಲರು ಈಗಲೂ ಅದೇ ಸಂಖ್ಯೆ ಹೇಳುತ್ತಾರೆ. ಕಣ್ಣೆದುರೇ ನಡೆದ ಇಂಥ ಅಪರಾಧವನ್ನು ಅದೇ ದಿನ, ಕೋರ್ಟ್ ಏಳುವ ಮೊದಲು ವಿಚಾರಿಸಿ ಮುಗಿಸಲು ಕೆಳಗಿನ ನ್ಯಾಯಾಲಯಕ್ಕೆ ಅಧಿಕಾರವಿದೆ. ಸಿವಿಲ್ ಇರಲಿ, ಕ್ರಿಮಿನಲ್ ಇರಲಿ, ರೆವಿನ್ಯೂ ಕೋರ್ಟೇ ಇರಲಿ. ಕ್ರಿಮಿನಲ್ ವಿಚಾರಣೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 384ನೇ ಸೆಕ್ಷನ್ ಆ ವ್ಯಕ್ತಿಯನ್ನು ಅಲ್ಲೇ ತಡೆದಿರಿಸಲು, ಅವನ ಮಾತು ಕೇಳಿಕೊಂಡು 1,000 ರೂಪಾಯಿವರೆಗೆ ದಂಡ ಹಾಕಲು ಅನುಮತಿ ಕೊಡುತ್ತದೆ. ದಂಡ ಕಟ್ಟದಿದ್ದರೆ ಒಂದು ತಿಂಗಳವರೆಗೆ ಸಾದಾ ಸೆರೆವಾಸ. ಇಷ್ಟು ಸಾಲದು ಎಂದು ನ್ಯಾಯಾಧೀಶರಿಗೆ ಅನಿಸಿದರೆ ಅವರು ತಾವೇ ವಿಚಾರಿಸುವಂತಿಲ್ಲ, ಪ್ರಕರಣವನ್ನು ಇನ್ನೊಬ್ಬ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು. ಅಲ್ಲಿ ಆರು ತಿಂಗಳವರೆಗೆ ಸಾದಾ ಸೆರೆವಾಸ, 5,000 ರೂಪಾಯಿವರೆಗೆ ದಂಡ ಆಗಬಹುದು. ಹಾಗೆಯೇ, ಸಂಬಂಧಪಟ್ಟವನು ಮನಸಾರೆ ಕ್ಷಮೆ ಕೇಳಿದರೆ ಶಿಕ್ಷೆಯನ್ನೇ ಕೈಬಿಡಲು 387ನೇ ಸೆಕ್ಷನ್ ಇದೆ. ಬಹಳ ಜನಕ್ಕೆ ಇದು ಗೊತ್ತಿಲ್ಲ.

ಕೆಳಗಿನ ಕೋರ್ಟುಗಳಲ್ಲಿ ಇಂಥ ಜಗಳಗಳು ಹೆಚ್ಚಾಗಿ ಆ ದಿನವೇ ಮುಗಿಯುವುದನ್ನು ನಾನು ಕಂಡಿದ್ದೇನೆ. ನಾನು ವಕೀಲಿ ಆರಂಭಿಸಿದ ಹೊಸತರಲ್ಲಿ, ಕುಂದಾಪುರ ಕಡೆಯ ಹೋಟೆಲ್ ಹುಡುಗನೊಬ್ಬ ಕುರ್ಲಾ ಕೋರ್ಟಿನಲ್ಲಿ ಸಾಕ್ಷಿ ಹೇಳಲು ನಿಂತಿದ್ದ. ಪ್ರಶ್ನೆಗಳೆಲ್ಲ ಮರಾಠಿಯಲ್ಲಿ. ಅರ್ಧ ತಿಳಿಯದೆ ಗಾಬರಿಯಾಗಿ "ನಿಮಗೆ ಕಿವಿ ಕೇಳಿಸುವುದಿಲ್ಲವೇ" ಎಂದು ನ್ಯಾಯಾಧೀಶರ ಮೇಲೇ ರೇಗಿಬಿಟ್ಟ. ಅವನನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿದರು. ಊಟದ ಬಿಡುವಿನಲ್ಲಿ ನಾನು ಪಕ್ಕದಲ್ಲಿ ಕುಳಿತು ಏನಾಯಿತು ಎಂದು ಕನ್ನಡದಲ್ಲಿ ಬಿಡಿಸಿ ಹೇಳಿದೆ. ಸಂಜೆ ನಾಲ್ಕೂವರೆಗೆ ಅವನು ಎದ್ದು ನಿಂತು, ತಪ್ಪಾಯಿತು ಎಂದು ತನ್ನದೇ ಹರಕು ಮರಾಠಿಯಲ್ಲಿ ಹೇಳಿದ. ನ್ಯಾಯಾಧೀಶರು ಅದನ್ನು ರೋಜ್‌ನಾಮಾದಲ್ಲಿ (ಕೋರ್ಟಿನ ದಿನದ ಕಲಾಪದ ದಾಖಲೆಯಲ್ಲಿ) ಬರೆಸಿ, ಕಳುಹಿಸಿಕೊಟ್ಟರು. ನಿಮ್ಮ ತಮ್ಮ ಅಂದು ಹಾಗೆ ಹೇಳಿದ್ದರೆ ಸಾವಿರ ರೂಪಾಯಿಯೂ ಉಳಿಯುತ್ತಿತ್ತೇನೋ. ಅದು ಹೋಗಲಿ.

ರಾತ್ರಿಯ ಬರಹಕ್ಕೆ ಬರೋಣ. ಇದು 1971ರ ನ್ಯಾಯಾಲಯ ನಿಂದನೆ ಕಾಯ್ದೆಯ ಕ್ಷೇತ್ರ. ಕೋರ್ಟಿನ ಆದೇಶವನ್ನು ಬೇಕೆಂದೇ ಪಾಲಿಸದಿರುವುದು ಸಿವಿಲ್ ನಿಂದನೆ. ಅದನ್ನು ಇಲ್ಲಿಗೆ ಬಿಡುತ್ತೇನೆ. ನ್ಯಾಯಾಲಯದ ಮೇಲೆ ಕಳಂಕ ಹೊರಿಸುವ, ಅದರ ಗೌರವ ಕುಗ್ಗಿಸುವ, ನಡೆಯುತ್ತಿರುವ ಕಲಾಪದ ದಿಕ್ಕು ತಪ್ಪಿಸುವ ಅಥವಾ ನ್ಯಾಯದಾನಕ್ಕೆ ಅಡ್ಡಿಯಾಗುವ ಮಾತು, ಬರಹ, ಕೃತ್ಯ ಕ್ರಿಮಿನಲ್ ನಿಂದನೆ. ಇದಕ್ಕೆ ಶಿಕ್ಷೆ ಕೊಡುವ ಅಧಿಕಾರ ಮ್ಯಾಜಿಸ್ಟ್ರೇಟರಿಗೂ ಇಲ್ಲ, ಜಿಲ್ಲಾ ನ್ಯಾಯಾಧೀಶರಿಗೂ ಇಲ್ಲ. ಅವರು ಹೈಕೋರ್ಟಿಗೆ ವರದಿ ಕಳುಹಿಸಬಹುದು, ಅಷ್ಟೇ. ರಾಜ್ಯ ಸರ್ಕಾರದ ಮುಖ್ಯ ವಕೀಲರಾದ ಅಡ್ವೊಕೇಟ್ ಜನರಲ್ ಕೂಡ ಹೈಕೋರ್ಟಿನ ಮುಂದೆ ವಿಷಯ ಇಡಬಹುದು. ಹೈಕೋರ್ಟಿನಲ್ಲೂ ಒಬ್ಬರೇ ನ್ಯಾಯಮೂರ್ತಿ ಇದನ್ನು ಕೇಳುವಂತಿಲ್ಲ, ಕನಿಷ್ಠ ಇಬ್ಬರ ಪೀಠ ಬೇಕು. ನೊಂದವರೇ ತೀರ್ಪು ಕೊಡುವವರಾಗಬಾರದು ಎಂಬ ವಿವೇಕ ಇದರ ಹಿಂದಿದೆ, ಮತ್ತು ಅದು ನಿಮ್ಮ ತಮ್ಮನಿಗೆ ರಕ್ಷಣೆಯೂ ಹೌದು. ಘಟನೆ ನಡೆದ ಒಂದು ವರ್ಷದೊಳಗೆ ಕ್ರಮ ಆರಂಭವಾಗಬೇಕೆಂಬ ಮಿತಿ ಇದೆ. ನಿಮ್ಮಲ್ಲಿ ನಾಲ್ಕೇ ತಿಂಗಳು ಕಳೆದಿರುವುದರಿಂದ ಆ ಪ್ರಶ್ನೆ ಏಳುವುದಿಲ್ಲ.

ಆದ್ದರಿಂದ ಕಲ್ಯಾಣದ ಕೋರ್ಟಿನಲ್ಲೇ ಇದನ್ನು ಮುಗಿಸಬಹುದೇ ಎಂದರೆ, ಆಗುವುದಿಲ್ಲ. ಕಳುಹಿಸಿದ ವರದಿಯ ಮೇಲೆ ತೀರ್ಮಾನ ಈಗ ಹೈಕೋರ್ಟಿನದು. ಆದರೂ ಕಲ್ಯಾಣದಲ್ಲಿ ಮಾಡಬೇಕಾದ ಕೆಲಸವೊಂದಿದೆ, ಅದಕ್ಕೆ ಮತ್ತೆ ಬರುತ್ತೇನೆ.

ನೋಟಿಸಿನ ಜೊತೆ ಕಲ್ಯಾಣದಿಂದ ಹೋದ ವರದಿಯ ಪ್ರತಿ ಇರಬೇಕು. ಅದನ್ನು ಓದಿ. ವರದಿಯಲ್ಲಿ ಮಧ್ಯಾಹ್ನದ ಕೂಗಾಟವೂ ಸೇರಿದ್ದರೆ ನಿಮ್ಮ ವಕೀಲರಿಗೆ ಕಾಯ್ದೆಯ 10ನೇ ಸೆಕ್ಷನ್ ತೋರಿಸಿ. ಕೆಳಗಿನ ಕೋರ್ಟಿಗೆ ಆದ ನಿಂದನೆ ದಂಡ ಸಂಹಿತೆಯಲ್ಲೇ (ಅದರ ಜಾಗದಲ್ಲಿ ಈಗ ನ್ಯಾಯ ಸಂಹಿತೆ) ಶಿಕ್ಷಾರ್ಹ ಅಪರಾಧವಾಗಿದ್ದರೆ ಹೈಕೋರ್ಟ್ ಅದನ್ನು ನಿಂದನೆಯೆಂದು ವಿಚಾರಿಸುವಂತಿಲ್ಲ ಎನ್ನುತ್ತದೆ ಅದು. ಕೂಗಾಟಕ್ಕೆ ದಂಡ ಬೇರೆ ತೆತ್ತಾಗಿದೆ. ಹಾಗೆಂದು ಇದೇ ಎಳೆ ಹಿಡಿದು, ಹಣ ಪಡೆದರು ಎಂಬ ಬರಹವೂ ಮಾನಹಾನಿಯ ಅಪರಾಧ ತಾನೇ, ಅದನ್ನೂ ಹೈಕೋರ್ಟ್ ನೋಡುವಂತಿಲ್ಲ ಎಂದು ವಾದಿಸಲು ಹೋಗಬೇಡಿ. 1952ರಲ್ಲೇ ಸುಪ್ರೀಂ ಕೋರ್ಟ್ ಆ ಬಾಗಿಲು ಮುಚ್ಚಿದೆ. ಮಾನಹಾನಿ ನ್ಯಾಯಾಧೀಶರೆಂಬ ವ್ಯಕ್ತಿಗೆ ಆಗುವ ಹಾನಿ, ನಿಂದನೆ ನ್ಯಾಯಾಲಯಕ್ಕೆ ಆಗುವ ಹಾನಿ, ಎರಡೂ ಬೇರೆ ಎಂದು.

"ನಮ್ಮ ಸೊಸೈಟಿಯ ಗುಂಪಿನೊಳಗಿನ ಮಾತು, ಹೊರಗಿನವರಿಗೇನು?" ಎಂದು ನಿಮ್ಮ ತಮ್ಮ ಕೇಳಬಹುದು. ನವಿ ಮುಂಬೈಯ ಒಂದು ಹೌಸಿಂಗ್ ಸೊಸೈಟಿಯ ಪ್ರಕರಣ ಅವರಿಗೆ ಹೇಳಿ. ಬೀದಿನಾಯಿಗಳಿಗೆ ಊಟ ಹಾಕುವ ವಿವಾದದಲ್ಲಿ ಮಹಿಳೆಯೊಬ್ಬರು ನ್ಯಾಯಾಧೀಶರ ಬಗ್ಗೆ ಹಗುರವಾಗಿ ಬರೆದು ಸೊಸೈಟಿಯ ಸದಸ್ಯರಿಗೆ ಹಂಚಿದ್ದರು. 2025ರ ಏಪ್ರಿಲ್‌ನಲ್ಲಿ ಬಾಂಬೆ ಹೈಕೋರ್ಟ್ ಒಂದು ವಾರದ ಸಾದಾ ಸೆರೆವಾಸ ಮತ್ತು 2,000 ರೂಪಾಯಿ ದಂಡ ವಿಧಿಸಿತು. ಅವರ ಕ್ಷಮೆಯಲ್ಲಿ ಪಶ್ಚಾತ್ತಾಪ ಕಾಣಲಿಲ್ಲ ಎಂದಿತು. ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕ್ಷಮೆಯನ್ನು ಒಪ್ಪಿ ಸೆರೆವಾಸವನ್ನು ಕೈಬಿಟ್ಟಿತು. ಶಿಕ್ಷಿಸುವ ಅಧಿಕಾರದೊಳಗೇ ಕ್ಷಮಿಸುವ ಅಧಿಕಾರವೂ ಇದೆ ಎಂಬುದು ಅದರ ನಿಲುವು. ಹಂಚಿದವರ ವಲಯ ಚಿಕ್ಕದು ಎಂಬುದು ಕಾಪಾಡಲಿಲ್ಲ. ಕೊನೆಗೆ ಕಾಪಾಡಿದ್ದು ಕ್ಷಮೆ, ಅದೂ ದೆಹಲಿಯವರೆಗೆ ಹೋದ ಮೇಲೆ.

ಈಗ ನೀವು ತಮ್ಮನನ್ನು ಎದುರಿಗೆ ಕೂರಿಸಿಕೊಂಡು ಒಂದು ಪ್ರಶ್ನೆ ಕೇಳಬೇಕು. ವಕೀಲರಿಗಿಂತ ಮೊದಲು ಅಕ್ಕನಾಗಿ ನೀವೇ ಕೇಳಿದರೆ ಒಳ್ಳೆಯದು: "ಅವರು ಹಣ ಪಡೆದದ್ದಕ್ಕೆ ನಿನ್ನ ಬಳಿ ಏನಾದರೂ ಆಧಾರ ಇದೆಯೇ?" 2006ರ ತಿದ್ದುಪಡಿಯ ನಂತರ ಸತ್ಯವೂ ಒಂದು ಸಮರ್ಥನೆ, ಹೇಳಿದ್ದು ಸಾರ್ವಜನಿಕ ಹಿತಕ್ಕಾಗಿ ಇದ್ದು ಪ್ರಾಮಾಣಿಕವಾಗಿದ್ದರೆ ನ್ಯಾಯಾಲಯ ಅದನ್ನು ಪರಿಗಣಿಸಬಹುದು. ತೀರ್ಪೊಂದನ್ನು ನ್ಯಾಯವಾಗಿ ಟೀಕಿಸುವುದು ನಿಂದನೆಯೇ ಅಲ್ಲ. ನ್ಯಾಯಾಧೀಶರ ಮೇಲೆ ನಿಜವಾದ ದೂರಿದ್ದರೆ ಅದನ್ನು ಪ್ರಾಮಾಣಿಕವಾಗಿ ಹೈಕೋರ್ಟಿಗೆ ಬರೆದು ಕಳುಹಿಸುವುದಕ್ಕೂ 6ನೇ ಸೆಕ್ಷನ್ನಿನ ರಕ್ಷಣೆ ಇದೆ. ಕಾನೂನು ಬಾಯಿ ಹೊಲಿದಿಲ್ಲ. ಆದರೆ "ತಾರೀಖು ಕೊಡಲಿಲ್ಲ, ಆದ್ದರಿಂದ ದುಡ್ಡು ತಿಂದಿರಬೇಕು" ಎಂಬುದು ಆಧಾರವಲ್ಲ. ನಿಮ್ಮ ಪತ್ರದಲ್ಲಿ ಅದಕ್ಕಿಂತ ಹೆಚ್ಚಿನದೇನೂ ನನಗೆ ಕಾಣಲಿಲ್ಲ.

ಆಧಾರ ಇದ್ದರೆ ಹೋರಾಡಲಿ. ಇಲ್ಲದಿದ್ದರೆ ಪೂರ್ತಿ ತಲೆಬಾಗಲಿ. ಎರಡರ ನಡುವೆ ನಿಲ್ಲುವುದು ಅಪಾಯ. 1950ರ ದಶಕದಲ್ಲಿ ನಾಗಪುರದ ಇಬ್ಬರು ವಕೀಲರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು: ಸಮರ್ಥನೆ ಮತ್ತು ಕ್ಷಮೆ ಒಟ್ಟಿಗೆ ಇರಲಾರವು. ಮನಸ್ಸಿನಲ್ಲಿ ಪಶ್ಚಾತ್ತಾಪ ಇಲ್ಲದವರು ಸುಳ್ಳು ಕ್ಷಮೆಗೆ ಸಹಿ ಹಾಕದಿರುವುದೂ ಒಂದು ಗೌರವದ ದಾರಿಯೇ. ಇದೇ ಬಾಂಬೆ ಹೈಕೋರ್ಟಿನಲ್ಲಿ 1920ರಲ್ಲಿ ಗಾಂಧೀಜಿ ಆ ದಾರಿ ಹಿಡಿದರು. ಸತ್ಯಾಗ್ರಹದ ಪ್ರತಿಜ್ಞೆಗೆ ಸಹಿ ಹಾಕಿದ ವಕೀಲರ ಬಗ್ಗೆ ಅಹಮದಾಬಾದಿನ ಜಿಲ್ಲಾ ನ್ಯಾಯಾಧೀಶರು ಹೈಕೋರ್ಟಿಗೆ ಬರೆದ ಪತ್ರವನ್ನು, ವಿಷಯ ವಿಚಾರಣೆಯಲ್ಲಿರುವಾಗಲೇ, 'ಯಂಗ್ ಇಂಡಿಯಾ' ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಕೇಳಿದ ರೂಪದಲ್ಲಿ ಕ್ಷಮೆ ಕೋರಲು ಒಪ್ಪಲಿಲ್ಲ. ಶಿಕ್ಷೆ ಕೊಟ್ಟರೆ ಅನುಭವಿಸುತ್ತೇನೆ ಎಂದರು. ನ್ಯಾಯಾಲಯ ಅವರಿಗೂ ಪ್ರಕಾಶಕರಾಗಿದ್ದ ಮಹಾದೇವ ದೇಸಾಯಿ ಅವರಿಗೂ ಕಟು ಎಚ್ಚರಿಕೆ ಕೊಟ್ಟು ಬಿಟ್ಟಿತು. ಅವರು ಪ್ರಕಟಿಸಿದ ಪತ್ರ ನಿಜವಾದ ಪತ್ರ. ನಿಮ್ಮ ತಮ್ಮ ಬರೆದದ್ದು ಊಹೆ. ಈ ವ್ಯತ್ಯಾಸ ಅವರಿಗೆ ಅರ್ಥವಾದರೆ ಮುಂದಿನ ಕೆಲಸ ಸುಲಭ.

ಕ್ಷಮೆಯ ವಿಷಯದಲ್ಲಿ ನಾನು ಸ್ವಲ್ಪ ನಿಧಾನಿಸುತ್ತೇನೆ, ಏಕೆಂದರೆ ಜನ ಎಡವುವುದು ಇಲ್ಲೇ. ಕಾಯ್ದೆಯ 12ನೇ ಸೆಕ್ಷನ್ ಗರಿಷ್ಠ ಆರು ತಿಂಗಳ ಸಾದಾ ಸೆರೆವಾಸ, ಅಥವಾ 2,000 ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ಹೇಳಿ, ನ್ಯಾಯಾಲಯಕ್ಕೆ ತೃಪ್ತಿಯಾಗುವಂತೆ ಕ್ಷಮೆ ಕೋರಿದರೆ ಬಿಡಬಹುದು ಎಂದೂ ಹೇಳುತ್ತದೆ. ಷರತ್ತು ಇದೆ ಎಂಬ ಒಂದೇ ಕಾರಣಕ್ಕೆ ಪ್ರಾಮಾಣಿಕ ಕ್ಷಮೆಯನ್ನು ತಳ್ಳಿಹಾಕಬಾರದು ಎಂಬ ವಿವರಣೆಯೂ ಅಲ್ಲಿದೆ. ಕಾನೂನು ಇಷ್ಟು ಉದಾರವಾಗಿದೆ. ಆದರೆ ಕಾಟಾಚಾರದ ಕ್ಷಮೆಗೆ ಯಾವ ಪೀಠವೂ ಒಲಿಯುವುದಿಲ್ಲ. ಹೊಡೆದು, ತಪ್ಪಾಯಿತು ಎಂದು, ಮರೆತುಬಿಡಿ ಎನ್ನುವ ಪದ್ಧತಿಯನ್ನು ಒಪ್ಪಲಾಗದು ಎಂದು 1984ರಲ್ಲಿ ಸುಪ್ರೀಂ ಕೋರ್ಟ್ ಉತ್ತರ ಪ್ರದೇಶದ ವಕೀಲರೊಬ್ಬರ ಪ್ರಕರಣದಲ್ಲಿ ಖಡಾಖಂಡಿತವಾಗಿ ಹೇಳಿದೆ.

ನನ್ನ ಬಳಿ ಬಂದ ಕಕ್ಷಿದಾರರೊಬ್ಬರು ಬೇರೆ ಕಡೆ ಬರೆಸಿದ ಕ್ಷಮೆಯ ಪ್ರಮಾಣಪತ್ರವೊಂದನ್ನು (ಅಫಿಡವಿಟ್, ಅಂದರೆ ಪ್ರಮಾಣ ಮಾಡಿ ಕೋರ್ಟಿಗೆ ಕೊಡುವ ಲಿಖಿತ ಹೇಳಿಕೆ) ತಂದಿದ್ದರು. ಹನ್ನೊಂದು ಪುಟ. ಮೊದಲ ಹತ್ತು ಪುಟಗಳಲ್ಲಿ ನ್ಯಾಯಾಧೀಶರು ತಮ್ಮನ್ನು ಹೇಗೆ ಕೆರಳಿಸಿದರು ಎಂಬ ಕಥೆ. ಹನ್ನೊಂದನೆಯದರಲ್ಲಿ "ನನ್ನ ಮಾತಿನಿಂದ ಮಾನ್ಯ ನ್ಯಾಯಾಲಯಕ್ಕೆ ನೋವಾಗಿದೆ ಎನಿಸಿದಲ್ಲಿ ವಿಷಾದಿಸುತ್ತೇನೆ" ಎಂಬ ಒಂದು ವಾಕ್ಯ. ಅದು ಇಂಗ್ಲಿಷಿನಲ್ಲಿತ್ತು, ಆ ಮನುಷ್ಯನಿಗೆ ಇಂಗ್ಲಿಷ್ ಬಾರದು. ಏನು ಬರೆದಿದೆ ಎಂದು ಕೇಳಿದರೆ "ಮಾಫಿ ಕೇಳಿದ್ದಾರಂತೆ" ಎಂದರು. ನನಗೆ ಅಂದು ಬಂದ ಸಿಟ್ಟು ಈಗಲೂ ನೆನಪಿದೆ. ನಮ್ಮ ಜನ ತಿಳಿಯದ ಭಾಷೆಯ ಕಾಗದಕ್ಕೆ ಸಹಿ ಹಾಕಿ, ತಾವು ಆಡದ ಮಾತಿಗೆ ಹೊಣೆಯಾಗುತ್ತಾರೆ. ನಿಮ್ಮ ತಮ್ಮನ ಪ್ರಮಾಣಪತ್ರದ ಪ್ರತಿ ಸಾಲನ್ನೂ ಕನ್ನಡದಲ್ಲಿ ಓದಿಸಿ ಕೇಳಿ. ಅರ್ಥವಾದ ಮೇಲಷ್ಟೇ ಸಹಿ.

ಅದರಲ್ಲಿ ಇರಬೇಕಾದದ್ದು ಒಂದೂವರೆ ಪುಟ ಮೀರದು. ನಾನಾದರೆ ಇಷ್ಟು ಬರೆಸುತ್ತೇನೆ: "ಇಂಥ ದಿನ ರಾತ್ರಿ ನಮ್ಮ ಸೊಸೈಟಿಯ ಗುಂಪಿನಲ್ಲಿ ಮ್ಯಾಜಿಸ್ಟ್ರೇಟರ ಬಗ್ಗೆ ವರದಿಯಲ್ಲಿ ಹೇಳಿರುವ ಮಾತುಗಳನ್ನು ಬರೆದದ್ದು ನಾನೇ. ಅದಕ್ಕೆ ನನ್ನ ಬಳಿ ಯಾವ ಆಧಾರವೂ ಇರಲಿಲ್ಲ. ಕೋಪದಲ್ಲಿ ಬರೆದೆ, ಅದು ತಪ್ಪು. ಅದೇ ಗುಂಪಿನಲ್ಲಿ ಆ ಮಾತನ್ನು ಹಿಂತೆಗೆದುಕೊಂಡಿದ್ದೇನೆ. ಕಲ್ಯಾಣದ ನ್ಯಾಯಾಲಯದಲ್ಲೂ ಕ್ಷಮೆ ಕೋರಿದ್ದೇನೆ. ಈ ನ್ಯಾಯಾಲಯದ ಮುಂದೆ ಯಾವ ಷರತ್ತೂ ಇಲ್ಲದೆ ಕ್ಷಮೆ ಬೇಡುತ್ತೇನೆ." ಮಧ್ಯಾಹ್ನದ ಘಟನೆಗೆ ಅದೇ ದಿನ ದಂಡ ಕಟ್ಟಿದ ಸಂಗತಿ ಒಂದು ಸಾಲಿನಲ್ಲಿ ಬರಲಿ, ರಸೀದಿ ಲಗತ್ತಿಸಲಿ. 10ನೇ ಸೆಕ್ಷನ್ನಿನ ಮಾತು ಪ್ರಮಾಣಪತ್ರದೊಳಗೆ ಬೇಡ. ಅಗತ್ಯ ಬಿದ್ದರೆ ವಕೀಲರು ಬಾಯಿಮಾತಿನಲ್ಲಿ ಹೇಳಲಿ.

ಹಿಂತೆಗೆದುಕೊಳ್ಳುವ ಕೆಲಸ ಈ ವಾರವೇ ಆಗಬೇಕು. ನಾಲ್ಕು ತಿಂಗಳ ಹಿಂದಿನ ಸಂದೇಶವನ್ನು ಎಲ್ಲರ ಫೋನಿನಿಂದ ಅಳಿಸಲು ಈಗ ಬರುವುದಿಲ್ಲ, ಆದರೆ ಅದೇ ಗುಂಪಿನಲ್ಲಿ, ಅದೇ ಮರಾಠಿಯಲ್ಲೋ ಹಿಂದಿಯಲ್ಲೋ, "ನಾನು ಅಂದು ಬರೆದದ್ದಕ್ಕೆ ಆಧಾರವಿಲ್ಲ, ಹಿಂತೆಗೆದುಕೊಳ್ಳುತ್ತೇನೆ, ಕ್ಷಮೆ ಇರಲಿ" ಎಂದು ಎರಡು ಸಾಲು ಬರೆಯಬಹುದು. ಹಳೆಯ ಆರೋಪವನ್ನು ಮತ್ತೆ ಬಿಡಿಸಿ ಬರೆಯುವುದು ಬೇಡ. ಯಾರಾದರೂ ಪ್ರತಿಕ್ರಿಯಿಸಿದರೆ ಉತ್ತರಿಸುವುದೂ ಬೇಡ. ಆ ಸಂದೇಶದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಹೈಕೋರ್ಟ್ ಹೇಳಿದ ಮೇಲೆ ಮಾಡುವುದಕ್ಕೂ ಹೇಳುವ ಮೊದಲೇ ಮಾಡುವುದಕ್ಕೂ ಅಜಗಜಾಂತರವಿದೆ.

ಇನ್ನು ಕಲ್ಯಾಣ. ಮ್ಯಾಜಿಸ್ಟ್ರೇಟರ ಕೈಕಾಲು ಹಿಡಿಯುತ್ತೇನೆ ಎಂದು ಅವರ ಚೇಂಬರಿಗೆ, ಮನೆಗೆ, ಕಾರಿನ ಬಳಿಗೆ ಹೋಗುವುದು ಖಂಡಿತ ಬೇಡ. ಪರಿಚಯದವರ ಮೂಲಕ ಹೇಳಿಸುವುದೂ ಬೇಡ. ಆ ಮ್ಯಾಜಿಸ್ಟ್ರೇಟರ ಮುಂದೆಯೇ ಚೆಕ್ ಕೇಸು ನಡೆಯುತ್ತಿರುವಾಗ ಆರೋಪಿ ಹೀಗೆ ಬಳಿ ಬಂದರೆ ಅದು ಇನ್ನೊಂದು ನಿಂದನೆಯಾಗಿ ಕಾಣಬಹುದು. ಮುಕ್ತ ನ್ಯಾಯಾಲಯದಲ್ಲಿ, ವಕೀಲರ ಮೂಲಕ, ಚಿಕ್ಕ ಅರ್ಜಿಯಾಗಿ ಕ್ಷಮೆಯನ್ನು ಸಲ್ಲಿಸಬೇಕು. ಅದು ರೋಜ್‌ನಾಮಾದಲ್ಲಿ ದಾಖಲಾಗಲಿ. ಅದರ ದೃಢೀಕೃತ ನಕಲು ಪಡೆದು ಹೈಕೋರ್ಟಿನ ಪ್ರಮಾಣಪತ್ರಕ್ಕೆ ಲಗತ್ತಿಸಿ. ನೋವು ಯಾರಿಗೆ ಆಯಿತೋ ಅವರ ಮುಂದೆ ಮೊದಲು ತಲೆಬಾಗಿದ್ದಾನೆ ಎಂಬುದು ಇಬ್ಬರು ನ್ಯಾಯಮೂರ್ತಿಗಳ ಕಣ್ಣಿಗೆ ಬೀಳಬೇಕಾದ ಸಂಗತಿ. ಕೆಳಗಿನ ಕೋರ್ಟಿನಲ್ಲಿ ಈಗ ಉಳಿದಿರುವ ಪರಿಹಾರ ಇದು, ಮತ್ತು ಇದನ್ನು ಸಣ್ಣದೆಂದು ನಾನು ಎಂದೂ ಎಣಿಸಿಲ್ಲ.

ಹೈಕೋರ್ಟಿನಲ್ಲಿ ಎಫ್‌ಐಆರ್, ಪೊಲೀಸ್ ತನಿಖೆ, ಚಾರ್ಜ್‌ಶೀಟ್ ಇರುವುದಿಲ್ಲ. ಹೆಚ್ಚಾಗಿ ಪ್ರಮಾಣಪತ್ರಗಳ ಮೇಲೇ ತೀರ್ಮಾನವಾಗುತ್ತದೆ, ಅಗತ್ಯವೆನಿಸಿದರೆ ಸಾಕ್ಷ್ಯ ಪಡೆಯಬಹುದು. ಆ ದಿನ ಡೊಂಬಿವಲಿಯಿಂದ ಬೇಗ ಲೋಕಲ್ ಹಿಡಿದು, ಹತ್ತು ಗಂಟೆಯೊಳಗೆ ಫೋರ್ಟಿನ ಕಟ್ಟಡದ ಗೇಟಿನಲ್ಲಿರಿ. ನೋಟಿಸ್ ಮತ್ತು ಗುರುತಿನ ಚೀಟಿ ಕೈಯಲ್ಲಿರಲಿ. ಪೀಠ ನೇರವಾಗಿ ಅವರನ್ನೇ ಕೇಳಿದರೆ, ಬಾಯಿಪಾಠ ಮಾಡಿದ ಇಂಗ್ಲಿಷ್ ಬೇಡ. ತಿಳಿದ ಹಿಂದಿಯಲ್ಲಿ ಅಥವಾ ಮರಾಠಿಯಲ್ಲಿ "ತಪ್ಪಾಯಿತು, ಆಧಾರವಿಲ್ಲದೆ ಬರೆದೆ" ಎಂದರೆ ಸಾಕು. ಕ್ಷಮೆ ಒಪ್ಪಿದರೆ ನೋಟಿಸ್ ಅಲ್ಲಿಗೆ ಮುಗಿಯಬಹುದು, ಎಚ್ಚರಿಕೆ ಕೊಟ್ಟು ಬಿಡಬಹುದು, ದಂಡ ಹಾಕಬಹುದು. ನ್ಯಾಯದಾನಕ್ಕೆ ಗಣನೀಯವಾಗಿ ಅಡ್ಡಿಯಾಗುವಂಥ ನಿಂದನೆಯಲ್ಲದಿದ್ದರೆ ಶಿಕ್ಷೆಯನ್ನೇ ವಿಧಿಸಬಾರದು ಎಂದು 13ನೇ ಸೆಕ್ಷನ್ ಹೇಳುತ್ತದೆ. ಜೈಲು ಆಗುವುದೇ ಇಲ್ಲ ಎಂದು ನಾನು ಮಾತು ಕೊಡಲಾರೆ. ಆದರೆ ಈ ಕೆಲಸಗಳನ್ನೆಲ್ಲ ತಾರೀಖಿಗೆ ಮೊದಲೇ ಮಾಡಿ, ಪೂರ್ಣ ಮನಸ್ಸಿನಿಂದ ನಿಂತವರನ್ನು ಸೆರೆಗೆ ಕಳುಹಿಸಿದ್ದನ್ನು ನನ್ನ ವೃತ್ತಿಯಲ್ಲಿ ನಾನು ಕಂಡಿಲ್ಲ. ಹಾಗೊಮ್ಮೆ ಶಿಕ್ಷೆಯಾದರೆ 60 ದಿನಗಳೊಳಗೆ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಸಲ್ಲಿಸುವುದು ಅವರ ಹಕ್ಕು.

ಕ್ಷಮೆ ಕೇಳಿದರೆ ಚೆಕ್ ಕೇಸಿನಲ್ಲಿ ತಪ್ಪು ಒಪ್ಪಿದಂತಾಗುತ್ತದೆಯೇ ಎಂಬ ಭಯ ನಿಮ್ಮ ಮನೆಯಲ್ಲಿ ಏಳಬಹುದು. ಆಗುವುದಿಲ್ಲ, ಎರಡಕ್ಕೂ ಸಂಬಂಧವಿಲ್ಲ. ಚೆಕ್ ಕೇಸು ಯಾವ ಹಂತದಲ್ಲೂ ರಾಜಿಯಾಗಬಹುದಾದದ್ದು. ದಿನಸಿ ವ್ಯಾಪಾರಿಯ ಬಾಕಿ ಎಷ್ಟು, ಎಷ್ಟು ಕಂತಿನಲ್ಲಿ ಕೊಡಬಹುದು ಎಂದು ಲೆಕ್ಕ ಹಾಕಿ. ಆ ಮ್ಯಾಜಿಸ್ಟ್ರೇಟರ ಮುಂದೆ ನ್ಯಾಯ ಸಿಗದು ಎಂಬ ನಿಜವಾದ ಅಳುಕಿದ್ದರೆ ಪ್ರಕರಣದ ವರ್ಗಾವಣೆಗೆ ಠಾಣೆಯ ಸೆಷನ್ಸ್ ನ್ಯಾಯಾಧೀಶರಿಗೆ ಅರ್ಜಿ ಹಾಕಬಹುದು, ಆದರೆ ಈ ಮೂರು ವಾರಗಳಲ್ಲಿ ಬೇಡ. ಒಂದು ಕೈಯಲ್ಲಿ ಕ್ಷಮೆ, ಇನ್ನೊಂದು ಕೈಯಲ್ಲಿ ಅವಿಶ್ವಾಸದ ಅರ್ಜಿ ಹಿಡಿದು ನಿಂತರೆ ಎರಡೂ ಕೆಡುತ್ತವೆ. ಹೈಕೋರ್ಟಿನ ವಿಷಯ ಇತ್ಯರ್ಥವಾದ ಮೇಲೆ ಅದರ ಬಗ್ಗೆ ಬರೆಯಿರಿ, ನೋಡೋಣ.